ಮಗಳಿಗೊಂದು ಪತ್ರ: ಆ ಕಪ್ಪು ಅಂಚಿನ ಕಾರ್ಡಿಗೆ ಎಷ್ಟು ಬರುತ್ತೆ?

ಪುಟ್ಟಿ,

ನೀನು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಪಕ್ಕದ ಮನೆ ತಾತ ಮನೆ ಖಾಲಿ ಮಾಡುವಾಗ ನಿನಗೆ ಕೊಟ್ಟರಲ್ಲ, ಆ ಶೂ ಡಬ್ಬದಲ್ಲಿದ್ದ ಕಾರ್ಡೇ ತಾನೆ? ಅಮೆರಿಕದ ಟಾಪ್ಸ್ ಕಂಪನಿಯವರು ಅಚ್ಚು ಹಾಕಿದ 1971ರ ಬೇಸ್‌ಬಾಲ್ ಆಟಗಾರನ ಕಾರ್ಡ್ ಅದು. ಕಪ್ಪು ಅಂಚು, ಹಿಂದೆ ಆಟಗಾರನ ಪುಟ್ಟ ಕಪ್ಪು-ಬಿಳುಪು ಫೋಟೊ. ಅನುಮಾನವೇ ಬೇಡ.

ಮುಂದೆ ಕಾಣುವ ಸಹಿ ಮಾತ್ರ ಅವನು ಕೈಯಾರೆ ಹಾಕಿದ್ದಲ್ಲ. ಆ ವರ್ಷದ ಆಟಗಾರರ ಕಾರ್ಡುಗಳಲ್ಲಿ ಸಹಿಯನ್ನೂ ಅಚ್ಚು ಹಾಕಿಯೇ ಮಾರಿದ್ದರು.

ಇನ್ನು ಇಂಥದೇ ಕಾರ್ಡಿಗೆ ಆನ್‌ಲೈನ್‌ನಲ್ಲಿ ನೀನು ನೋಡಿದ 400 ಡಾಲರ್. ಅದು ಮಾರುವವನು ಕೇಳುತ್ತಿರುವ ರೇಟು, ಯಾರೋ ದುಡ್ಡು ಕೊಟ್ಟು ಕೊಂಡ ರೇಟಲ್ಲ. ಇಬೇ ಸೈಟಿನಲ್ಲಿ 'ಸೋಲ್ಡ್ ಐಟಮ್ಸ್' (ಮಾರಾಟವಾದವು) ಒತ್ತಿ, ಇದೇ ವರ್ಷದ, ಇದೇ ನಂಬರಿನ, ಮೂಲೆಗಳು ಇಷ್ಟೇ ಸವೆದ ಕಾರ್ಡು ನಿಜವಾಗಿ ಎಷ್ಟಕ್ಕೆ ಹೋಗಿದೆ ಅಂತ ನಾಲ್ಕೈದು ಕಡೆ ನೋಡು. ಒಂದೆರಡು ಡಾಲರ್ ಅಷ್ಟೆ. ಹಳೆಯದು ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ ಕಣೆ. 2022ರಲ್ಲಿ ಮಿಕ್ಕಿ ಮ್ಯಾಂಟಲ್‌ನ 1952ರ ಟಾಪ್ಸ್ ಕಾರ್ಡ್ 1.26 ಕೋಟಿ ಡಾಲರಿಗೆ ಹೋಯಿತು, ನಿಜ. ಆದರೆ ಅವನು ದೊಡ್ಡ ಸ್ಟಾರ್, ಆ ಕಾರ್ಡಿಗೆ ಹತ್ತಕ್ಕೆ ಒಂಬತ್ತೂವರೆ ಗ್ರೇಡ್, ಅಂದರೆ ಕಾರ್ಡ್ ಎಷ್ಟು ಚೆನ್ನಾಗಿ ಉಳಿದಿದೆ ಅಂತ ಪರೀಕ್ಷಿಸಿ ಕೊಡುವ ಅಂಕ, ಸಿಕ್ಕಿತ್ತು. ನಿನ್ನ ಕಾರ್ಡು ಸೇರಿದ 1971ರ ಸೆಟ್ಟಿನಲ್ಲಿ ಒಟ್ಟು 752 ಕಾರ್ಡುಗಳಿವೆ, ಜಾಸ್ತಿ ಪಾಲು ಸಾಧಾರಣ ಆಟಗಾರರದ್ದೇ. ಇವನ್ನೇ 'ಕಾಮನ್' ಅನ್ನುವುದು. 644ನೇ ನಂಬರಿನಿಂದ ಮುಂದಿನವು ಕಡಿಮೆ ಸಿಗುತ್ತವೆ, ಅದಕ್ಕೆ ಅವುಗಳಲ್ಲಿ ಕಾಮನ್‌ಗೂ ಸ್ವಲ್ಪ ಜಾಸ್ತಿ ಬರುತ್ತದೆ. ನಿನ್ನದು 200ರ ಆಸುಪಾಸಿನದು.

ಈಗ ಕಾರ್ಡನ್ನು ಕಿಟಕಿ ಹತ್ತಿರ ಹಿಡಿದು ಓರೆ ಮಾಡು. ಕಪ್ಪು ಬಣ್ಣ ಎದ್ದು ಮೂಲೆಗಳಲ್ಲಿ ಬಿಳಿ ರಟ್ಟು ಕಾಣುತ್ತಿದೆ, ಅಲ್ವಾ? ಈ ವರ್ಷದ ಕಾರ್ಡುಗಳ ಕಷ್ಟವೇ ಅದು, ಚೂರು ಉಜ್ಜಿದರೂ ಎದ್ದು ಕಾಣುತ್ತದೆ. ಕೆಲವರು ಅಲ್ಲಿಗೆ ಕಪ್ಪು ಮಾರ್ಕರ್ ಹಚ್ಚಿ ಮಾರುತ್ತಾರೆ. ಅದು ಕೊಳ್ಳುವವರಿಗೆ ಮಾಡುವ ಮೋಸ, ನೀನು ಖಂಡಿತ ಮಾಡಬೇಡ. ಪಕ್ಕದಿಂದ ನೋಡಿದರೆ ರಟ್ಟಿನ ದಪ್ಪದೊಳಗೆ ಇಂಕು ಇಳಿದಿರುವುದು ಕಾಣುತ್ತದೆ, ಗ್ರೇಡ್ ಮಾಡುವವರು ಅಂಥದ್ದಕ್ಕೆ ನಂಬರೇ ಕೊಡುವುದಿಲ್ಲ. ಗ್ರೇಡಿಂಗ್‌ಗೂ ಕಳಿಸಬೇಡ. ಕಾರ್ಡಿನ ಬೆಲೆಗಿಂತ ಫೀಸೇ ಎಷ್ಟೋ ಪಟ್ಟು.

ಹಿಂದೆ ಬಾಲ್ ಪೆನ್ನಿನಲ್ಲಿ 'ಡೆಟ್ರಾಯಿಟ್' ಅಂತ ಸೊಟ್ಟಪಟ್ಟ ಬರೆದಿದೆ, ನೋಡಿದೆಯಾ? ಆಟಗಾರ ತಂಡ ಬದಲಿಸಿದರೆ ಆಗಿನ ಮಕ್ಕಳು ಹೀಗೆ ಕಾರ್ಡಿನ ಮೇಲೆ ಹೊಸ ತಂಡದ ಹೆಸರು ಬರೆದಿಡುತ್ತಿದ್ದರು. ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಗಳ ಹಿಂದೆ ನಾನೂ ನಿನ್ನ ಮಾವನೂ ನಮ್ಮ ಹೆಸರು ಬರೆದು ಹಂಚಿಕೊಳ್ಳುತ್ತಿದ್ದೆವು, ನನಗೆ ಅದೇ ನೆನಪಾಯಿತು. ಈ ಪೆನ್ನಿನ ಗುರುತಿನಿಂದ ಎರಡು ಡಾಲರ್ ಅರ್ಧ ಡಾಲರ್ ಆಗಬಹುದು. ಆದರೂ ರಬ್ಬರ್ ಹಾಕಿ ಉಜ್ಜಲು ಹೋಗಬೇಡ ಪುಟ್ಟಿ. ತೆಳು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡು.

ಮಾರುವ ಯೋಚನೆ ಆಮೇಲೆ ಮಾಡೋಣ. ಈ ಭಾನುವಾರ ತಾತನಿಗೆ ಫೋನ್ ಮಾಡಿ, ಅದನ್ನು ಬರೆದದ್ದು ಅವರೇನಾ, ಆಗ ಎಷ್ಟು ವಯಸ್ಸು ಅಂತ ಕೇಳು. ಹೊಸ ಊರಿನಲ್ಲಿ ಅವರಿಗೆ ಮಾತಾಡಲು ಇನ್ನೂ ಯಾರೂ ಇಲ್ಲವಂತೆ.

ಅಮ್ಮ