ಪಕ್ಕವಾದ್ಯದವರು ಮುಂದೆ ಬಂದಾಗ

ಪ್ರೀತಿಯ ತಂಗಿ,

'ದಿ ಬ್ಯಾಂಡ್' ಎಂಬ ರಾಕ್ ತಂಡದ ಮೊದಲೆರಡು ಆಲ್ಬಮ್‌ಗಳ ಮೇಲೆ ನೀನು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಓದಿದ ಮೇಲೆ ಆಲ್ಬಮ್‌ಗಳನ್ನೂ ಮತ್ತೆ ಕೇಳಿದೆ. ನಿನ್ನ ಬರಹದಲ್ಲಿ 'ಅದ್ಭುತ' ಎಂಬ ಪದ ಹನ್ನೊಂದು ಕಡೆ ಇದೆ. ತಂಡದ ಗಾರ್ತ್ ಹಡ್ಸನ್ ನುಡಿಸಿದ ಆರ್ಗನ್ ಒಂದು ಕಡೆಯೂ ಇಲ್ಲ. ನಿನಗೆ ಒಳ್ಳೆಯ ಕಿವಿ ಇದೆ ಎಂದು ಗೊತ್ತಿರುವುದರಿಂದಲೇ ನನಗೆ ಸಂಕಟವಾಯಿತು.

'1968ರಲ್ಲಿ ಹೊಸ ತಂಡವೊಂದು ಹುಟ್ಟಿತು' ಎಂದು ಶುರು ಮಾಡಿದ್ದೀಯ. ಅಷ್ಟು ಹೊತ್ತಿಗೆ ಅವರ ಕೈ ಪಳಗಿ ವರ್ಷಗಳಾಗಿದ್ದವು. ಐವರಲ್ಲಿ ಲೆವಾನ್ ಹೆಲ್ಮ್ ಒಬ್ಬನೇ ಅಮೆರಿಕದ ಅರ್ಕನ್ಸಾದ ಹತ್ತಿ ಹೊಲಗಳ ನಡುವೆ ಬೆಳೆದವನು. ರಾಬಿ ರಾಬರ್ಟ್‌ಸನ್, ರಿಕ್ ಡ್ಯಾಂಕೊ, ರಿಚರ್ಡ್ ಮ್ಯಾನ್ಯುಯೆಲ್, ಹಡ್ಸನ್ ನಾಲ್ವರೂ ಕೆನಡಾದ ಒಂಟಾರಿಯೊದವರು. ರಾನಿ ಹಾಕಿನ್ಸ್ ಎಂಬ ಗಾಯಕನ ಹಿಂದೆ ನಿಂತು ಬಾರುಗಳಲ್ಲಿ ರಾತ್ರಿಗಟ್ಟಲೆ ನುಡಿಸಿದವರು. ಹಡ್ಸನ್ ಶಾಸ್ತ್ರೀಯವಾಗಿ ಕಲಿತವನು, ರಾಕ್ ತಂಡಕ್ಕೆ ಸೇರುತ್ತೇನೆಂದರೆ ಮನೆಯಲ್ಲಿ ಒಪ್ಪುವ ಹಾಗಿರಲಿಲ್ಲ. ಅದಕ್ಕೆ ಉಳಿದವರು ತಲಾ ವಾರಕ್ಕೆ 10 ಡಾಲರ್ ಕೊಟ್ಟು ಅವನನ್ನು ತಮ್ಮ ಸಂಗೀತದ ಮೇಷ್ಟ್ರು ಮಾಡಿಕೊಂಡರು! ಇಂಥದ್ದನ್ನು ಬಿಡಬಾರದು ಕಣೇ.

1965-66ರಲ್ಲಿ ಜಾನಪದ ಶೈಲಿಯ ಗಾಯಕ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಊರೂರು ತಿರುಗಿದಾಗ ಹಿಂದೆ ಇದ್ದವರೂ ಇವರೇ. ಆ ಬದಲಾವಣೆ ಹಿಡಿಸದೆ ಜನ ಕೂಗಿ ಗೇಲಿ ಮಾಡುತ್ತಿದ್ದುದನ್ನು ತಾಳಲಾರದೆ ಹೆಲ್ಮ್ ಅರ್ಧದಲ್ಲೇ ಬಿಟ್ಟುಹೋದ, ಮೆಕ್ಸಿಕೊ ಕೊಲ್ಲಿಯ ತೈಲ ಬಾವಿಗಳಲ್ಲಿ ಕೂಲಿ ಮಾಡಿದ. ನಮ್ಮ ಕಛೇರಿಗಳಲ್ಲಿ ಪಕ್ಕವಾದ್ಯದವರನ್ನು ನೋಡಿದ್ದೀಯಲ್ಲ, ಎಲ್ಲಿ ನುಡಿಸಬೇಕು ಎನ್ನುವುದಕ್ಕಿಂತ ಎಲ್ಲಿ ಕೈ ತಡೆಯಬೇಕು ಎಂಬುದು ಅವರಿಗೆ ಮೊದಲು ಬರುತ್ತದೆ. ಈ ಆಲ್ಬಮ್‌ಗಳ ಜೀವ ನನಗೆ ಕೇಳಿಸುವುದು ಅಲ್ಲಿ. ನಿನ್ನ ಲೇಖನದ ಬೆನ್ನುಮೂಳೆಯೂ ಅದೇ ಆಗಲಿ.

ಮೊದಲ ಆಲ್ಬಮ್ 'ಮ್ಯೂಸಿಕ್ ಫ್ರಮ್ ಬಿಗ್ ಪಿಂಕ್' ನೆಲಮಾಳಿಗೆಯಲ್ಲಿ ಧ್ವನಿಮುದ್ರಣವಾಯಿತು ಎಂದಿದ್ದೀಯ, ತಿದ್ದಿಕೋ. ನ್ಯೂಯಾರ್ಕ್ ರಾಜ್ಯದ ವೆಸ್ಟ್ ಸಾಗರ್ಟೀಸ್‌ನ 'ಬಿಗ್ ಪಿಂಕ್' ಎಂಬ ಗುಲಾಬಿ ಬಣ್ಣದ ಮನೆಯ ನೆಲಮಾಳಿಗೆಯಲ್ಲಿ ಅವರು 1967ರಲ್ಲಿ ಡಿಲನ್ ಜೊತೆ ಕೂತು ನುಡಿಸಿದ್ದು ನಿಜ. ಆದರೆ ಆಲ್ಬಮ್ ತಯಾರಾದದ್ದು ನ್ಯೂಯಾರ್ಕ್ ಮತ್ತು ಲಾಸ್ ಏಂಜಲಿಸ್‌ನ ಸ್ಟುಡಿಯೋಗಳಲ್ಲಿ, ಹೊರಬಂದದ್ದು 1968ರ ಜುಲೈ 1ರಂದು. ಗಿಟಾರುಗಳು ಕಿವಿಗಡಚಿಕ್ಕುವಂತೆ ಅಬ್ಬರಿಸುತ್ತಿದ್ದ ವರ್ಷ ಅದು. ಇವರು ಬಾಗಿಲು ತೆರೆದದ್ದು ತಂದೆಯೊಬ್ಬನ ನೋವಿನ 'ಟಿಯರ್ಸ್ ಆಫ್ ರೇಜ್' ಎಂಬ ನಿಧಾನದ ಹಾಡಿನಿಂದ. ಅದನ್ನು ಹಾಡುವ ಮ್ಯಾನ್ಯುಯೆಲ್‌ನ ದನಿ ಈಗಲೋ ಆಗಲೋ ಒಡೆದುಹೋಗುತ್ತದೇನೋ ಅನ್ನಿಸುತ್ತದೆ. ಹರೆಯದವರೆಲ್ಲ ಅಪ್ಪ ಅಮ್ಮಂದಿರ ಮೇಲೆ ಸಿಡಿದೆದ್ದಿದ್ದ ಕಾಲದಲ್ಲಿ ಇವರು ಆಲ್ಬಮ್ ಹೊದಿಕೆಯ ಒಳಪುಟಕ್ಕೆ ತಮ್ಮ ನೆಂಟರಿಷ್ಟರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆದ ಫೋಟೋ ಹಾಕಿದರು. ಆ ಫೋಟೋದ ಮೇಲೇ ನೀನು ಒಂದು ಪ್ಯಾರಾ ಬರೆಯಬಹುದು.

'ದಿ ವೆಯ್ಟ್' ಹಾಡಿನಲ್ಲಿ ನಜರೆತ್ ಎಂಬ ಊರು ಬಂದೊಡನೆ ಅದು ಯೇಸುವಿನ ಊರೆಂದು ನೀನು ಬೈಬಲ್ ತೆರೆದುಬಿಟ್ಟಿದ್ದೀಯ. ಆ ಹೆಸರು ಸಿಕ್ಕಿದ್ದು ತನ್ನ ಮಾರ್ಟಿನ್ ಗಿಟಾರಿನ ಒಳಗೆ ಎಂದು ರಾಬರ್ಟ್‌ಸನ್ ತಾನೇ ಹೇಳಿದ್ದಾನೆ. ಮಾರ್ಟಿನ್ ಗಿಟಾರುಗಳು ತಯಾರಾಗುವುದು ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ.

1969ರ ಎರಡನೇ ಆಲ್ಬಮ್ ನನಗೆ ಹೆಚ್ಚು ಹತ್ತಿರ. ಹಾಲಿವುಡ್‌ನ ಗುಡ್ಡದ ಮೇಲೆ ಒಂದು ಬಾಡಿಗೆ ಮನೆ ಹಿಡಿದು, ಈಜುಕೊಳದ ಪಕ್ಕದ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡರು. 'ರ‍್ಯಾಗ್ ಮಾಮಾ ರ‍್ಯಾಗ್' ಕೇಳು. ಡ್ರಮ್ಸ್ ಬಾರಿಸಬೇಕಾದ ಹೆಲ್ಮ್ ಕೈಯಲ್ಲಿ ಮ್ಯಾಂಡೊಲಿನ್, ಬಾಸ್ ಗಿಟಾರಿನ ಡ್ಯಾಂಕೊ ಕೈಯಲ್ಲಿ ಪಿಟೀಲು. ಪಿಯಾನೊದ ಮ್ಯಾನ್ಯುಯೆಲ್ ಡ್ರಮ್ಸ್ ಮುಂದೆ, ಆರ್ಗನ್ನಿನ ಹಡ್ಸನ್ ಪಿಯಾನೊ ಮುಂದೆ. ಬಾಸ್ ಇಲ್ಲದ ಜಾಗವನ್ನು ತುಂಬಲು ನಿರ್ಮಾಪಕ ಜಾನ್ ಸೈಮನ್ ಟ್ಯೂಬಾ ಎಂಬ ದಪ್ಪ ದನಿಯ ದೊಡ್ಡ ಕಹಳೆ ಊದಿದ. ಇಷ್ಟನ್ನು ಹೇಳಿದರೆ ಸಾಕು, ವಿಶೇಷಣವೇ ಬೇಡ.

ನೀನು ಹಾರಿಸಿಬಿಟ್ಟ ಕಡೆಗೆ ಬರುತ್ತೇನೆ. 'ದಿ ನೈಟ್ ದೇ ಡ್ರೋವ್ ಓಲ್ಡ್ ಡಿಕ್ಸಿ ಡೌನ್' ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಬಡವನೊಬ್ಬನ ಹಾಡು. ಬರೆದವನು ಕೆನಡಾದ ರಾಬರ್ಟ್‌ಸನ್, ಹಾಡಿದವನು ದಕ್ಷಿಣದವನೇ ಆದ ಹೆಲ್ಮ್. 1865ರ ಚಳಿಗಾಲದ ಹಸಿವು ಅವನ ಕೊರಳಲ್ಲಿದೆ, ಕೇಳಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಆದರೆ ಆ ದಕ್ಷಿಣ ಯಾವುದನ್ನು ಉಳಿಸಿಕೊಳ್ಳಲು ಹೋರಾಡಿತೋ ಆ ಗುಲಾಮಗಿರಿಯ ಬಗ್ಗೆ ಹಾಡಿನಲ್ಲಿ ಒಂದು ಮಾತೂ ಇಲ್ಲ. ಗಂಟಲು ಕಟ್ಟಿದ್ದನ್ನೂ ಬರೆ, ಈ ಮೌನವನ್ನೂ ಬರೆ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಬೇಡ.

ಇನ್ನೊಂದು ನೋವಿನ ಸಂಗತಿ. ಮೊದಲ ಆಲ್ಬಮ್‌ನಲ್ಲಿ ಮ್ಯಾನ್ಯುಯೆಲ್ ಒಬ್ಬನೇ ಬರೆದ ಹಾಡುಗಳಿವೆ. ಎರಡನೆಯದರಲ್ಲಿ ಪ್ರತಿ ಹಾಡಿಗೂ ರಾಬರ್ಟ್‌ಸನ್ ಹೆಸರಿದೆ, ಕೆಲವಕ್ಕೆ ಮಾತ್ರ ಜೊತೆಗೆ ಇನ್ನೊಬ್ಬರದು. ಎಲ್ಲರೂ ಸೇರಿ ಕಟ್ಟಿದ ಹಾಡುಗಳಿಗೆ ಒಬ್ಬನದೇ ಹೆಸರೇಕೆ ಎಂದು ಹೆಲ್ಮ್ ಮುಂದೆ ಬಹಿರಂಗವಾಗಿಯೇ ಕೇಳಿದ, ರಾಬರ್ಟ್‌ಸನ್ ಒಪ್ಪಲಿಲ್ಲ. ಪದ, ರಾಗ ಯಾರದೇ ಇರಲಿ, ನಮಗೆ ಕೇಳಿಸುವ ನಾದ ಐವರದು ಎಂದೇ ನಾನು ನಂಬಿದ್ದೇನೆ. 2025ರ ಜನವರಿಯಲ್ಲಿ ಹಡ್ಸನ್ ತೀರಿಕೊಂಡ ಮೇಲೆ ಆ ಐವರಲ್ಲಿ ಯಾರೂ ಉಳಿದಿಲ್ಲ.

ಇವತ್ತು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಎರಡನೇ ಆಲ್ಬಮ್‌ನ ಕೊನೆಯ ಹಾಡು 'ಕಿಂಗ್ ಹಾರ್ವೆಸ್ಟ್' ಕೇಳು. ಬೆಳೆ ಕಳೆದುಕೊಂಡು ಯೂನಿಯನ್ ಸೇರಿದ ರೈತನ ಹಾಡು. ಮುಗಿಯುವಾಗ ರಾಬರ್ಟ್‌ಸನ್‌ನ ಗಿಟಾರ್ ಒಬ್ಬಂಟಿಯಾಗಿ ಮುಂದೆ ಬರುತ್ತದೆ. ಎಷ್ಟು ಕಡಿಮೆ ಸ್ವರ ಹಿಡಿಯುತ್ತಾನೆ, ನಡುವೆ ಎಲ್ಲೆಲ್ಲಿ ನಿಲ್ಲುತ್ತಾನೆ, ಅದನ್ನೇ ಮೊದಲ ಪ್ಯಾರಾ ಮಾಡಿ ಬರೆದು ಕಳಿಸು. ನಾನು ಕಾಯುತ್ತಿರುತ್ತೇನೆ.

ನಿನ್ನ ಅಣ್ಣ