ನರ್ಸ್ ಇದ್ದೂ ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಯಾಕೆ?

ಸಂಪಾದಕರಿಗೆ ನಮಸ್ಕಾರ.

ಶಾಲೆಗಳಲ್ಲಿ ಈಗ ಆಟೋಟದ ಹಂಗಾಮು. ವಲಯ ಮಟ್ಟ, ತಾಲ್ಲೂಕು ಮಟ್ಟ ಎಂದು ಖೊ ಖೊ, ಕಬಡ್ಡಿ, ಓಟ ನಡೆದಿವೆ. ಕಪ್ ಹಿಡಿದ ಮಕ್ಕಳ ಫೋಟೊ ನಿಮ್ಮ ಜಿಲ್ಲಾ ಪುಟದಲ್ಲಿ ಬರುತ್ತಲೇ ಇದೆ. ನಾನು ಬರೆಯುತ್ತಿರುವುದು ಬಿದ್ದ ಮಕ್ಕಳ ಬಗ್ಗೆ.

ನಾನು ಧಾರವಾಡದ ಒಂದು ಖಾಸಗಿ ಶಾಲೆಯ ನರ್ಸ್. ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಓದಿದ್ದೇನೆ, ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆ. ಇಲ್ಲಿಗೆ ಬರುವ ಮೊದಲು ಹುಬ್ಬಳ್ಳಿಯ ಆಸ್ಪತ್ರೆಯೊಂದರ ಕ್ಯಾಜುವಾಲ್ಟಿಯಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ. ಶಾಲೆಯ ಬ್ರೋಷರ್‌ನಲ್ಲಿ ನನ್ನ ಕೋಣೆಯ ಚಿತ್ರವಿದೆ, ಕೆಳಗೆ ‘ತರಬೇತಿ ಪಡೆದ ನರ್ಸ್ ದಿನವಿಡೀ ಲಭ್ಯ’ ಎಂದು ಬರೆದಿದೆ. ಹೌದು, ಇರುತ್ತೇನೆ. ಆದರೆ ಮಗುವಿಗೆ ಪೆಟ್ಟಾದಾಗ ಏನು ಮಾಡಬೇಕು ಎಂಬುದನ್ನು ನಾನು ತೀರ್ಮಾನಿಸುವುದಿಲ್ಲ. ಅಲ್ಲಿ ನಿಂತವರಲ್ಲಿ ಯಾರು ಸೀನಿಯರೋ ಅವರು ತೀರ್ಮಾನಿಸುತ್ತಾರೆ. ನನ್ನ ದೂರು ಇಷ್ಟೇ. ನನ್ನಂತೆ ಬೇರೆ ಶಾಲೆಗಳಲ್ಲಿ ಇರುವ ಗೆಳತಿಯರನ್ನು ಕೇಳಿದರೂ ಇದೇ ಕಥೆ.

ಏಳನೇ ತರಗತಿಯ ಹುಡುಗಿಯೊಬ್ಬಳು ಖೊ ಖೊ ಪ್ರಾಕ್ಟೀಸ್‌ನಲ್ಲಿ ಕೈ ಊರಿ ಬಿದ್ದಳು. ಸುದ್ದಿ ತಿಳಿದು ನಾನು ಗ್ರೌಂಡ್‌ಗೆ ಹೋಗುವಷ್ಟರಲ್ಲಿ ಪಿ.ಟಿ. ಸರ್ ಮೊಣಕೈ ಹಿಡಿದು ತಿಕ್ಕುತ್ತಿದ್ದರು. “ಏನೂ ಆಗಿಲ್ ಬಿಡ್ರಿ ಸಿಸ್ಟರ್, ಉಳುಕೈತಿ ಅಷ್ಟ. ಈಗ ಎಳದ ಕೂಡಿಸ್ತೀನಿ ನೋಡ್ರಿ” ಎಂದರು. ಹುಡುಗಿ ಚೀರುತ್ತಿದ್ದಳು. ನಾನು ಬೇಡ ಎಂದೆ. ಅವರು ಕೇಳಲಿಲ್ಲ. ಮೇಲೆ ಸ್ಪ್ರೇ ಹೊಡೆದು, ಕ್ರೇಪ್ ಬ್ಯಾಂಡೇಜನ್ನು ಜಗ್ಗಿ ಬಿಗಿದರು. ಸ್ವಲ್ಪ ಹೊತ್ತಿಗೆ ಅವಳು “ಬಳ್ಳು ಜುಮು ಜುಮು ಅಂತಾವ್ರಿ ಮಿಸ್” ಎಂದಳು. ಬೆರಳ ತುದಿ ಬಿಳುಚಿತ್ತು, ಮುಟ್ಟಿದರೆ ತಣ್ಣಗಿತ್ತು. ನಾನು ಬ್ಯಾಂಡೇಜ್ ಬಿಚ್ಚತೊಡಗಿದೆ. ಆಗ ಎಲ್ಲ ಮಕ್ಕಳ ಮುಂದೆ ಬೈಸಿಕೊಂಡೆ.

ಮಕ್ಕಳ ಮೊಣಕೈ ಸುಮ್ನೆ ಎಳೆದು ನೋಡುವ ಜಾಗವಲ್ಲ. ಅದರ ಮುಂದೆಯೇ ಕೈಗೆ ರಕ್ತ ಹೋಗುವ ದೊಡ್ಡ ನಾಳ ಇದೆ, ನರಗಳಿವೆ. ಮುರಿದ ಎಲುಬಿನ ಚೂಪು ತುದಿ ಅದಕ್ಕೆ ತಾಗಿದರೆ ಕೈಗೇ ಕುತ್ತು. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಉದ್ದ ಬೆಳೆಯುವ ಮೆದು ಭಾಗ ಇರುತ್ತದೆ, ಅದಕ್ಕೂ ಪೆಟ್ಟಾಗಬಹುದು. ಕೈ ಹೇಗಿದೆಯೋ ಹಾಗೇ ಆಧಾರ ಕೊಟ್ಟು ಕಟ್ಟಬೇಕು, ಮಣಿಕಟ್ಟಿನ ನಾಡಿ ನೋಡಬೇಕು, ಬೆರಳಿನ ಬಣ್ಣ ನೋಡುತ್ತಿರಬೇಕು, ಎಕ್ಸ್‌ರೇಗೆ ಕಳಿಸಬೇಕು. ಕೂಡಿಸುವ ಕೆಲಸ ಎಲುಬಿನ ಡಾಕ್ಟರದು. ಎಕ್ಸ್‌ರೇಯಲ್ಲಿ ಬಿರುಕು ಕಂಡಿತು. ಹುಡುಗಿಯ ಎಲುಬೇ ಮೆತ್ತಗಿವೆ, ಮನೆಯಲ್ಲಿ ಹಾಲು ಕೊಡುವುದಿಲ್ಲ ಎಂದು ಸರ್ ಇವತ್ತಿಗೂ ಸ್ಟಾಫ್ ರೂಮ್‌ನಲ್ಲಿ ಹೇಳುತ್ತಾರೆ.

ಇನ್ನು ಟೂತ್‌ಪೇಸ್ಟ್. ಊಟದ ಹೊತ್ತಿನಲ್ಲಿ ಬಿಸಿ ಸಾಂಬಾರ್ ಚೆಲ್ಲಿ ಸಣ್ಣ ಹುಡುಗನ ತೊಡೆ ಸುಟ್ಟಿತ್ತು. ಅವನು ನನ್ನ ಬಳಿ ಬರುವಾಗ ಬಿಳಿ ಪೇಸ್ಟ್ ಬಳಿದುಕೊಂಡೇ ಬಂದ. ಅದನ್ನು ತೆಗೆಯುವಾಗ ಅವನು ಅತ್ತದ್ದು ಸುಟ್ಟಾಗ ಅತ್ತದ್ದಕ್ಕಿಂತ ಜಾಸ್ತಿ. ಸುಟ್ಟ ಜಾಗಕ್ಕೆ ಬೇಕಾದದ್ದು ಹರಿಯುವ ತಣ್ಣೀರು, 20 ನಿಮಿಷ. ಐಸ್ ಬೇಡ, ಅರಿಶಿಣ ಬೇಡ, ಕಾಫಿ ಪುಡಿ ಬೇಡ, ಬೆಣ್ಣೆ ಬೇಡ. ಇವೆಲ್ಲ ಮೆತ್ತಿಕೊಂಡರೆ ಎಷ್ಟು ಆಳ ಸುಟ್ಟಿದೆ ಎಂದು ಡಾಕ್ಟರಿಗೂ ಕಾಣುವುದಿಲ್ಲ. ಅವಳಿ ನಗರದವರಿಗೆ ನಲ್ಲಿ ನೀರಿನ ಬೆಲೆ ಗೊತ್ತು, ದಿನ ಎಣಿಸಿ ನೀರು ತುಂಬಿಕೊಳ್ಳುವವರು ನಾವು. ಹಾಗಾಗಿ ನಾನು 20 ನಿಮಿಷ ನಲ್ಲಿ ಬಿಟ್ಟು ನಿಂತರೆ ಸಿಪಾಯಿಗೆ ಸಂಕಟ. “ಟ್ಯಾಂಕ್ ಖಾಲಿ ಆಕ್ಕೈತ್ರಿ ಅಕ್ಕಾರ” ಎಂದು ಎರಡು ಸಲ ಬಂದು ಹೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಹಿಂದೆ ನಿಂತು “ಬರ್ನಾಲ್ ಮುಲಾಮು ಹಚ್ಚಿ ಕಳಸ್ರಿ ಸಾಕು” ಎಂದವರು ಓದಿದವರು.

ಮೂಗಿನಿಂದ ರಕ್ತ ಬಂದರೆ ಮಗುವಿನ ತಲೆ ಹಿಂದಕ್ಕೆ ಬಗ್ಗಿಸುತ್ತಾರೆ. ರಕ್ತ ಗಂಟಲಿಗೆ ಇಳಿದು ಮಗು ವಾಂತಿ ಮಾಡುತ್ತದೆ. ಮುಂದಕ್ಕೆ ಬಗ್ಗಿಸಿ, ಮೂಗಿನ ಮೆದು ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿದರೆ ಹೆಚ್ಚಿನ ಸಲ ತಾನೇ ನಿಲ್ಲುತ್ತದೆ. ಫಿಟ್ಸ್ ಬಂದ ಮಗುವಿನ ಕೈಯಲ್ಲಿ ಕೀಲಿ ಗೊಂಚಲು ತುರುಕುವುದು ಇನ್ನೂ ನಿಂತಿಲ್ಲ. ಬಾಯಿಗೆ ಚಮಚ ಹಾಕಲು ಹೋದವರನ್ನು ನಾನೇ ತಡೆದಿದ್ದೇನೆ. ತಲೆ ನೋವು ಎಂದ ಮೂರನೇ ತರಗತಿ ಮಗುವಿಗೆ ಕ್ಲಾಸ್ ಟೀಚರ್ ತಮ್ಮ ಪರ್ಸಿನಿಂದ 650 ಮಿಲಿಗ್ರಾಂನ ಪ್ಯಾರಾಸಿಟಮಾಲ್ ತೆಗೆದು ಕೊಟ್ಟದ್ದೂ ಇದೆ. ಮಕ್ಕಳಿಗೆ ಆ ಔಷಧಿಯನ್ನು ತೂಕ ನೋಡಿ ಕೊಡುತ್ತಾರೆ, ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ ಮೀರಬಾರದು. ಆ ಮಗುವಿನ ತೂಕ 22 ಕಿಲೋ. ಲೆಕ್ಕ ನೀವೇ ಹಾಕಿ. ಮೇಲಾಗಿ ಮನೆಯಲ್ಲಿ ಬೆಳಗ್ಗೆ ಏನು ಕೊಟ್ಟು ಕಳಿಸಿದ್ದಾರೆ ಎಂದೂ ಕೇಳಿರಲಿಲ್ಲ.

ಇಷ್ಟನ್ನು ಸಹಿಸಬಹುದು. ಇವು ತಿಳಿಯದೆ ಆಗುವ ಕೆಲಸ, ಹೆಚ್ಚಿನವು ಪ್ರೀತಿಯಿಂದ ಆಗುವ ಕೆಲಸ. ಮಗು ಅಳುತ್ತಿದ್ದರೆ ಕೈ ಕಟ್ಟಿ ನಿಲ್ಲಲು ಯಾರಿಗೂ ಆಗುವುದಿಲ್ಲ ಅಲ್ವಾ? ನನ್ನನ್ನು ನಿಜವಾಗಿ ಕಾಡುವುದು ತಿಳಿದೂ ಮಾಡುವ ಇನ್ನೊಂದು ಕೆಲಸ.

ಐದನೇ ತರಗತಿಯ ಹುಡುಗ ಮಳೆಯಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಕಟ್ಟೆಗೆ ತಲೆ ಬಡಿದುಕೊಂಡ. ಎಚ್ಚರ ತಪ್ಪಲಿಲ್ಲ. ಆದರೆ ಒಮ್ಮೆ ವಾಂತಿ ಮಾಡಿದ, ತಾನು ಹೇಗೆ ಬಿದ್ದೆ ಎಂದು ಹೇಳಲು ತಡವರಿಸಿದ. ಡಾಕ್ಟರಿಗೆ ತೋರಿಸಬೇಕು, ಮನೆಗೆ ಈಗಲೇ ಫೋನ್ ಮಾಡಬೇಕು ಎಂದೆ. ಆಫೀಸಿನಿಂದ ಬಂದ ಉತ್ತರ, “ಸುಮ್ನ ಅವರಿಗೆ ಗಾಬರಿ ಯಾಕ? ಸಂಜಿಮುಂದ ಬಸ್ ಇಳಿವಾಗ ಆಯಾ ಹೇಳ್ತಾಳ ಬಿಡ್ರಿ.” ಅವತ್ತು ಮ್ಯಾನೇಜ್‌ಮೆಂಟ್‌ನವರು ಶಾಲೆಗೆ ಬರುವವರಿದ್ದರು. ಆಂಬುಲೆನ್ಸ್ ಗೇಟಿನಲ್ಲಿ ನಿಂತರೆ ಚೆನ್ನಾಗಿ ಕಾಣುವುದಿಲ್ಲವಂತೆ.

ತಲೆಗೆ ಪೆಟ್ಟಾದ ಮಗು ಮೊದಲ ಗಂಟೆಯಲ್ಲಿ ನಗುತ್ತಾ ಓಡಾಡಬಹುದು. ತಲೆ ನೋವು ಏರುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ಮಾತು ತಡವರಿಸುವುದು, ಇವು ಗಂಟೆಗಳು ಕಳೆದ ಮೇಲೂ ಬರಬಹುದು. ಆಗ ಮಗು ಮನೆಯಲ್ಲಿರುತ್ತದೆ, ನಾನು ಇರುವುದಿಲ್ಲ. ಏನು ನೋಡಬೇಕು ಎಂದು ತಾಯಿಗೆ ಗೊತ್ತಿರಬೇಡವೇ? ‘ಆಟ ಆಡಿ ದಣಿದಿದ್ದಾನೆ’ ಎಂದು ಅವಳು ಬೇಗ ಮಲಗಿಸಿಬಿಟ್ಟರೆ? ಆಯಾ ನಲವತ್ತು ಮಕ್ಕಳನ್ನು ಇಳಿಸುವ ಗಡಿಬಿಡಿಯಲ್ಲಿ ಹೇಳುವ ಮಾತಲ್ಲ ಇದು. ನಾನು ನನ್ನ ಮೊಬೈಲ್‌ನಿಂದಲೇ ಅವನ ತಂದೆಗೆ ಫೋನ್ ಮಾಡಿದೆ. ಅವರು ಬಂದು ಕರೆದುಕೊಂಡು ಹೋಗಿ ತೋರಿಸಿದರು, ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕಳಿಸಿದರು. ಹುಡುಗ ಚೆನ್ನಾಗಿದ್ದಾನೆ. ನನಗೆ ಮೆಮೊ ಬಂತು.

ಮೆಮೊ ಕೂಡ ಹೋಗಲಿ. ಮರುದಿನ ಆಫೀಸಿನವರು ಗಾಯದ ರಿಜಿಸ್ಟರ್ ತರಿಸಿಕೊಂಡು, “ತಲೆಗೆ ಪೆಟ್ಟು, ವಾಂತಿ ಅಂತ ಯಾಕ ಬರದ್ರಿ? ನಾಳೆ ಏನರ ಆದ್ರ ಇದ ದಾಖಲಿ ಆಗ್ತೈತಿ. ಸಣ್ಣ ತರಚು ಗಾಯ ಅಂತ ತಿದ್ದ್ರಿ” ಎಂದರು. ನಾನು ತಿದ್ದಲಿಲ್ಲ. ಆಸ್ಪತ್ರೆಯಲ್ಲಿ ನಮಗೆ ಮೊದಲು ಕಲಿಸಿದ ಪಾಠವೇ ಇದು. ಕಂಡದ್ದನ್ನು ಸಮಯ ಹಾಕಿ ಬರೆ, ಬರೆದದ್ದನ್ನು ಅಳಿಸಬೇಡ. ಆ ರಿಜಿಸ್ಟರ್ ಈಗ ನನ್ನ ಕೋಣೆಯಲ್ಲಿಲ್ಲ, ಆಫೀಸಿನ ಕಪಾಟಿನಲ್ಲಿದೆ. ಬರೆಯಬೇಕಾದಾಗ ಕೇಳಿ ತರಬೇಕು.

ಶಿಕ್ಷಕರು ಮಕ್ಕಳನ್ನು ಮುಟ್ಟಲೇಬಾರದು ಎಂದು ನಾನು ಹೇಳುತ್ತಿಲ್ಲ. ನಮ್ಮ ಹೆಚ್ಚಿನ ಸರ್ಕಾರಿ ಶಾಲೆಗಳಲ್ಲಿ ನರ್ಸ್ ಹುದ್ದೆಯೇ ಇಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು, ಅದರ ತಂಡ ಶಾಲೆಗೆ ಬಂದು ಮಕ್ಕಳ ತಪಾಸಣೆ ಮಾಡಿ ಹೋಗುತ್ತದೆ. ಆದರೆ ಮಗು ಬೀಳುವುದು ತಂಡ ಬಂದ ದಿನವೇ ಅಲ್ಲವಲ್ಲ. ಕಲಘಟಗಿ, ಕುಂದಗೋಳ ಕಡೆಯ ಹಳ್ಳಿ ಶಾಲೆಗಳಲ್ಲಿ ಟೀಚರೇ ಎಲ್ಲ. ಗಾಯ ಸೋಪು ನೀರಿನಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದು, 108ಕ್ಕೆ ಫೋನ್ ಮಾಡಿ, ಸ್ವಂತ ಬೈಕಿನಲ್ಲಿ ಕೂರಿಸಿಕೊಂಡು ಓಡುವವರು ಅವರೇ. ಅಂಥವರಿಗೆ ಕೈ ಮುಗಿಯುತ್ತೇನೆ. ಮೊದಲ ಎರಡು ನಿಮಿಷದ ಉಪಚಾರ ಪ್ರತಿಯೊಬ್ಬ ಟೀಚರಿಗೂ, ಆಯಾಗೂ, ಬಸ್ ಡ್ರೈವರಿಗೂ ಗೊತ್ತಿರಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯವರು ಪ್ರಥಮ ಚಿಕಿತ್ಸೆ ಕಲಿಸುತ್ತಾರೆ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಒಂದು ದಿನ ಅದಕ್ಕೆ ಕೊಡಿ. ಭಾಷಣ ಬೇಡ, ಕೈಯಲ್ಲಿ ಮಾಡಿಸಿ. ಪೂರ್ತಿ ಬೇರು ಸಮೇತ ಉದುರಿದ ಶಾಶ್ವತ ಹಲ್ಲನ್ನು ಉಜ್ಜಿ ತೊಳೆಯಬಾರದು, ಹಾಲಿನಲ್ಲಿ ಹಾಕಿ ಕೂಡಲೇ ದಂತವೈದ್ಯರ ಬಳಿ ಒಯ್ದರೆ ಮತ್ತೆ ಕೂರಿಸುವ ಅವಕಾಶ ಇದೆ. ಇದು ಗೊತ್ತಿದ್ದರೆ ಎಷ್ಟು ಮಕ್ಕಳ ಮುಂದಿನ ಹಲ್ಲು ಉಳಿಯುತ್ತದೆ! ಕ್ಯಾಂಟೀನಿನಲ್ಲಿ ಹಾಲು ಇದ್ದೇ ಇರುತ್ತದೆ.

ಎರಡು ನಿಮಿಷದ ನಂತರ, ಶಾಲೆಯಲ್ಲಿ ನರ್ಸ್ ಇದ್ದರೆ, ದಯವಿಟ್ಟು ಬಿಟ್ಟುಕೊಡಿ. ಮಗುವನ್ನು ಕ್ಲಾಸಿಗೆ ಕಳಿಸಬೇಕೋ, ಆಸ್ಪತ್ರೆಗೆ ಕಳಿಸಬೇಕೋ ನರ್ಸ್ ಹೇಳಲಿ. ಮನೆಗೆ ಫೋನ್ ಮಾಡಲು ಯಾರ ಪರವಾನಗಿಯೂ ಬೇಡ ಎಂದು ಶಾಲೆ ಬರೆದು ಗೋಡೆಗೆ ಹಚ್ಚಲಿ. ರಿಜಿಸ್ಟರ್ ನರ್ಸ್ ಬಳಿಯೇ ಇರಲಿ. ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರು ಶಾಲೆಗೆ ಭೇಟಿ ಕೊಟ್ಟಾಗ ಹಾಜರಿ ಪುಸ್ತಕ, ಶೌಚಾಲಯ ನೋಡುತ್ತಾರೆ. ಗಾಯದ ರಿಜಿಸ್ಟರನ್ನೂ ತೆರೆದು ನೋಡಲಿ. ವರ್ಷವಿಡೀ ಬರೀ ತರಚು ಗಾಯವೇ ಇದ್ದರೆ ಏನೋ ಸರಿಯಿಲ್ಲ ಎಂದು ಅವರಿಗೇ ತಿಳಿಯುತ್ತದೆ.

ಪಾಲಕರಿಗೂ ಒಂದು ಮಾತು. ನಾವು ಫೋನ್ ಮಾಡಿದಾಗ “ಇಷ್ಟಕ್ಕೆಲ್ಲ ಯಾಕ್ರೀ ಫೋನು, ಮೀಟಿಂಗ್‌ನಾಗ ಅದೀನಿ” ಎನ್ನಬೇಡಿ. ಮರುದಿನ ಹತ್ತು ಜನರನ್ನು ಕರೆದುಕೊಂಡು ಬಂದು ಆಫೀಸಿನಲ್ಲಿ ಕೂಗಾಡಲೂ ಬೇಡಿ. ಆ ಕೂಗಾಟದ ಭಯಕ್ಕೇ ಅರ್ಧ ಮುಚ್ಚಿಡುವುದು ನಡೆಯುತ್ತದೆ. ಅದರ ಬದಲು ಪಾಲಕರ ಸಭೆಯಲ್ಲಿ ಕೇಳಿ: ನನ್ನ ಮಗುವಿಗೆ ಪೆಟ್ಟಾದರೆ ಯಾರು ನೋಡುತ್ತಾರೆ, ನನಗೆ ಎಷ್ಟು ಹೊತ್ತಿನಲ್ಲಿ ಹೇಳುತ್ತೀರಿ, ರಿಜಿಸ್ಟರ್‌ನಲ್ಲಿ ಬರೆದದ್ದನ್ನು ನನಗೆ ತೋರಿಸುತ್ತೀರಾ? ಮಗುವಿಗೆ ಫಿಟ್ಸ್, ಉಬ್ಬಸ, ಔಷಧಿ ಅಲರ್ಜಿ ಇದ್ದರೆ ಅಡ್ಮಿಶನ್ ಫಾರ್ಮ್‌ನಲ್ಲಿ ಮುಚ್ಚಿಡದೆ ಬರೆಯಿರಿ. ಬರೆದರೆ ಸೀಟು ಸಿಗುವುದಿಲ್ಲ ಎಂದು ಬಿಡುವವರಿದ್ದಾರೆ. ಆಮೇಲೆ ಉಬ್ಬಸ ಬಂದ ಮಗುವಿನ ಎದುರು ಇನ್‌ಹೇಲರ್ ಇಲ್ಲದೆ ನಿಲ್ಲುವವಳು ನಾನು.

ಸಂಪಾದಕರೇ, ಈ ಪತ್ರ ಅಚ್ಚಾದರೆ ನನ್ನ ಹೆಸರು, ಶಾಲೆಯ ಹೆಸರು ಹಾಕಬೇಡಿ ಎಂದು ವಿನಂತಿ. ನನ್ನ ಕರಾರು ಪ್ರತಿ ವರ್ಷ ಹೊಸದಾಗಬೇಕು.

ಇಂತಿ,
ಒಬ್ಬ ಶಾಲಾ ನರ್ಸ್
ಧಾರವಾಡ