ಆ ಸೈಟು ಬೇಡ ಕಣೋ

ಗೆಳೆಯಾ,

ದೊಡ್ಡಬಳ್ಳಾಪುರದ ಹತ್ತಿರ ಸೈಟು ನೋಡಿದ್ದೇನೆ, ಒಂದ್ಸಲ ಹೋಗಿ ನೋಡಿ ಬಾ ಅಂದಿದ್ದೆಯಲ್ಲ, ಭಾನುವಾರ ಹೋಗಿದ್ದೆ. ರಸ್ತೆ ಚೆನ್ನಾಗಿದೆ, ಕರೆಂಟು ಕಂಬವೂ ಬಂದಿದೆ. ಆದರೆ ಲೇಔಟಿನ ಹಿಂದಿನ ಕೆರೆ ಏರಿ ಹತ್ತಿ ನಿಂತರೆ ಅದರ ಕೋಡಿ ನೇರ ನಿನ್ನ ಸೈಟಿನ ಕಡೆಗೇ ಮುಖ ಮಾಡಿದೆ. ಗ್ರಾಮ ನಕ್ಷೆ ತೆಗೆಸಿ ನೋಡಿದೆ. ಅದರಲ್ಲಿ ಹಳ್ಳದ ಗೆರೆ ಇದೆ, ನೆಲದ ಮೇಲೆ ಹಳ್ಳ ಇಲ್ಲ. ಮಣ್ಣು ತುಂಬಿ ಸಮ ಮಾಡಿದ್ದಾರೆ.

ಸಣ್ಣ ಹಳ್ಳ ತಾನೇ ಅನ್ನಬೇಡ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನದಿಗೆ ಇಂಥ ಹಳ್ಳಗಳೇ ಮೈ. ಒಂದು ಕೆರೆ ತುಂಬಿ ಕೋಡಿ ಬಿದ್ದು ಮುಂದಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ, ಹಾಗೇ ಹೆಸರಘಟ್ಟದವರೆಗೆ. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟದ್ದು ಆ ಕೆರೆ, 1890ರ ದಶಕದಲ್ಲಿ. ಅದು ಸಾಲದೆ ಹೋದಾಗ ಕುಮುದ್ವತಿ ನದಿ ಬಂದು ಅರ್ಕಾವತಿಗೆ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಅಣೆಕಟ್ಟು ಕಟ್ಟಿದರು. ಮನೆ ಬಾಗಿಲಿನ ನದಿ ಒಣಗಲು ಬಿಟ್ಟು, ಈಗ ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪು ಹಾಕಿ ಮೇಲೆತ್ತಿ ತರುತ್ತಿದ್ದೇವೆ. ನನಗೆ ಇದು ನಿಜವಾಗಿ ನೋವು ಕೊಡುವ ವಿಷಯ.

ಮಳೆ ಕಮ್ಮಿಯಾಯ್ತು, ಅದಕ್ಕೇ ಹೀಗೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ವರ್ಷಗಟ್ಟಲೆ ಲೆಕ್ಕ ಇಟ್ಟು ನೋಡಿದ ಸಂಶೋಧಕರು ಮಳೆ ಅಂಥದ್ದೇನೂ ಕಮ್ಮಿಯಾಗಿಲ್ಲ, ಬೋರ್‌ವೆಲ್ಲು ಮತ್ತು ನೀಲಗಿರಿ ತೋಪುಗಳ ಪಾಲೇ ಜಾಸ್ತಿ ಅನ್ನುತ್ತಾರೆ. ಹಾಗಾಗಿ ಕೆರೆ ಹೂಳೆತ್ತಿ, ಸುತ್ತ ಬೇಲಿ ಹಾಕಿ, ವಾಕಿಂಗ್ ಟ್ರ್ಯಾಕ್ ಮಾಡಿಬಿಟ್ಟರೆ ನದಿ ಉಳಿಯುತ್ತೆ ಅನ್ನುವ ಮಾತನ್ನು ನಾನು ಒಪ್ಪಲ್ಲ. ಅಂತರ್ಜಲ ಮೇಲೆ ಬರಬೇಕು, ನೀಲಗಿರಿ ಕಿತ್ತ ಕಡೆ ರಾಗಿ, ಹೊಂಗೆ ಬರಬೇಕು, ಕೆರೆಯಿಂದ ಕೆರೆಗೆ ದಾರಿ ತೆರೆದಿರಬೇಕು. ಮೊದಲ ಎರಡಕ್ಕೆ ವರ್ಷಗಳು ಬೇಕು. ದಾರಿಯನ್ನಾದರೂ ಈಗಲೇ ಉಳಿಸಿಕೊಳ್ಳಬಹುದು ಅಲ್ವಾ? ಹಳ್ಳದ ಜಾಗ ಕಂದಾಯ ದಾಖಲೆಯಲ್ಲಿ ಬಿ ಖರಾಬು, ಅಂದರೆ ಎಲ್ಲರದ್ದು, ಅದನ್ನು ಯಾರೂ ಮಾರುವಂತಿಲ್ಲ.

ನೀನು ಅಡ್ವಾನ್ಸ್ ಕೊಡಬೇಡ. ತಹಸೀಲ್ದಾರರಿಗೆ ಒಂದು ಅರ್ಜಿ ಬರೆದಿದ್ದೇನೆ, ಸರ್ವೆ ಮಾಡಿಸಿ ಹಳ್ಳ ಬಿಡಿಸಿಕೊಡಿ ಅಂತ. ಊರಿನ ನಾಲ್ಕೈದು ಜನ ರೈತರು ಸಹಿ ಹಾಕಿದ್ದಾರೆ. ಶನಿವಾರ ಬೆಳಿಗ್ಗೆ ಬಾ, ನಕ್ಷೆ ಹಿಡಿದು ಕೋಡಿಯಿಂದ ಕೆಳಗಿನ ಕೆರೆವರೆಗೆ ನಡೆದು ನೋಡೋಣ. ಆಮೇಲೆ ಸರಿ ಅನ್ನಿಸಿದರೆ ನೀನೂ ಸಹಿ ಹಾಕು.

ಇಂತಿ ನಿನ್ನ ಗೆಳೆಯ